ಗ್ಯಾಲರಿಯಲ್ಲಿ ನಾನೂ ಇದ್ದೆ

ಭಾನುವಾರದ ಯುವಜನರ ಆರಾಧನೆ, ತುಮಕೂರು
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 19:23-41 ಮತ್ತು 22:1-21

ಹಿಂದೆ ನಿಂತಿರೋ ಹಾಸ್ಟೆಲ್ ಹುಡುಗರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ. ನಾಚಿಕೋಬೇಡಿ. ಗುಬ್ಬಿಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದಿರೋ ತಮ್ಮಂದಿರಿಗೆ, ತಂಗಿಯರಿಗೆ ವಿಶೇಷವಾಗಿ ವಂದನೆ.

ಇವತ್ತಿಗೆ ಬೇರೆ ಸಂದೇಶ ಸಿದ್ಧ ಮಾಡಿಕೊಂಡಿದ್ದೆ. ನಿನ್ನೆ ರಾತ್ರಿ ಅದನ್ನು ಮಡಚಿಟ್ಟೆ. ಯಾಕೆ ಅಂತ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು, ಯಾಕಂದ್ರೆ ನಿನ್ನೆ ಸಂಜೆ ಕುಣಿಗಲ್‌ನಲ್ಲಿ ನೀವೂ ಇದ್ದಿರಿ. ಬರದೇ ಇದ್ದವರಿಗೆ ಹೇಳ್ತೀನಿ.

ಕುಣಿಗಲ್‌ನ ನಮ್ಮ ಸಹೋದರರು ಅಲ್ಲಿನ ಊರ ಹುಡುಗರ ಜೊತೆ ಒಂದು ಫ್ರೆಂಡ್ಲಿ ಬಾಸ್ಕೆಟ್‌ಬಾಲ್ ಮ್ಯಾಚ್ ಇಟ್ಟಿದ್ದರು. ನಮ್ಮ ಕಡೆ ತುಮಕೂರಿನವರೂ ಗುಬ್ಬಿಯವರೂ ಸೇರಿದ ಟೀಮು. ಹೊಸ ಜೆರ್ಸಿ, ಎರಡು ವರ್ಷದಿಂದ ಸೋತಿಲ್ಲ, ನಾವೇ ಗೆಲ್ಲೋದು ಅಂತ ಎಲ್ಲರಿಗೂ ಗೊತ್ತಿತ್ತು. ಅದು ಗೊತ್ತಿದ್ದರಿಂದಲೇ ಅಲ್ಲಿನವರಿಗೆ ನಮ್ಮ ಮೇಲೆ ಇನ್ನೂ ಹುರುಪು. ಕಾಂಪೌಂಡ್ ಗೋಡೆ ಮೇಲೆ ಸಾಲಾಗಿ ಕೂತಿದ್ದರು. ನಮ್ಮವರು ಫ್ರೀ ಥ್ರೋಗೆ ನಿಂತಾಗೆಲ್ಲ ಶಿಳ್ಳೆ, ಕೂಗು. 'ಹಲ್ಲೆಲೂಯಾ ಪಾರ್ಟಿ' ಅಂದರು. ಪ್ರಾರ್ಥನೆ ಮಾಡೋರ ಥರ ಕೈ ಮೇಲೆತ್ತಿ ಅಣಕಿಸಿದರು. ನಮ್ಮ ಹುಡುಗರು ಒಂದು ಮಾತು ತಿರುಗಿ ಆಡಲಿಲ್ಲ. ನಾಲ್ಕು ಪಾಯಿಂಟ್‌ನಲ್ಲಿ ಗೆದ್ದರು. ಹಲ್ಲೆಲೂಯಾ ಅನ್ನೋಕೆ ಕೈ ಎತ್ತಬೇಡಿ, ಇನ್ನೂ ಮುಗಿದಿಲ್ಲ.

ಅವರ ಟೀಮಲ್ಲಿ ಒಬ್ಬ ಹುಡುಗ ಇದ್ದ. ಚೆನ್ನಾಗಿ ಆಡ್ತಿದ್ದ. ಅವನ ಶೂ ಅಡಿ ಬಿಟ್ಟುಕೊಂಡಿತ್ತು, ದಾರ ಸುತ್ತಿ ಕಟ್ಟಿದ್ದ. ಕೊನೆ ನಿಮಿಷದಲ್ಲಿ ಅವನು ಜಾರಿ ಬಿದ್ದ. ಆಗ ನಮ್ಮ ಸಾಲಿಂದ ಒಂದು ದನಿ ಬಂತು: 'ಮೊದಲು ಹೋಗಿ ಶೂ ತಗೊಂಬಾರೋ.' ಆಮೇಲೆ ಇನ್ನೊಂದು ಮಾತು ಬಂತು, ಅವನ ಮನೆಯವರ ಬಗ್ಗೆ. ಅದನ್ನ ಈ ಪುಲ್ಪಿಟ್ ಮೇಲೆ ನಿಂತು ಹೇಳಲ್ಲ. ಇಡೀ ಸಾಲು ನಕ್ಕಿತು. ಆ ಸಾಲಿನ ಕೊನೆ ಕುರ್ಚಿಯಲ್ಲಿ ನಾನಿದ್ದೆ. ನಾನು ನಗಲಿಲ್ಲ. ಫೋನ್ ತೆಗೆದು ನೋಡೋ ಹಾಗೆ ಮಾಡಿದೆ.

ಹುಡುಗ ಎದ್ದ, ನಮ್ಮ ಕಡೆ ಒಂದು ಸಲ ನೋಡಿದ, ಮ್ಯಾಚ್ ಮುಗಿದ ಮೇಲೆ ಯಾರ ಕೈಯನ್ನೂ ಕುಲುಕದೆ ಹೋದ. ನಾವು ಟ್ರೋಫಿ ಹಿಡಿದು ವ್ಯಾನ್ ಹತ್ತಿ ಬಂದ್ವಿ. ಕುಣಿಗಲ್‌ನ ನಮ್ಮ ಹತ್ತು ಕುಟುಂಬ ಇವತ್ತು ಬೆಳಿಗ್ಗೆ ಅದೇ ಬೀದಿಯಲ್ಲಿ ಹಾಲು ತರೋಕೆ ಹೋಗಿರುತ್ತೆ.

ರಾತ್ರಿ ನಿದ್ದೆ ಬರಲಿಲ್ಲ. ಆ ದನಿ ಯಾರದು ಅಂತ ನನಗೆ ಗೊತ್ತು. ಆದರೆ ನಿದ್ದೆ ಕೆಡಿಸಿದ್ದು ಅವರ ದನಿ ಅಲ್ಲ, ನಂದೇ ಹಳೇ ದನಿ.

1996ನೇ ಇಸವಿ, ಮಾರ್ಚ್ 9, ಶನಿವಾರ. ನಿಮ್ಮಲ್ಲಿ ಹೆಚ್ಚಿನವರು ಹುಟ್ಟೇ ಇರಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ ಮತ್ತು ಪಾಕಿಸ್ತಾನ. ಪಾಕಿಸ್ತಾನ ಆಗ ಚಾಂಪಿಯನ್, 1992ರ ಕಪ್ ಅವರದು. ನನಗೆ ಹದಿನೇಳು ವರ್ಷ. ಬೆಂಗಳೂರಲ್ಲಿದ್ದ ಸೋದರಮಾವ ಹೇಗೋ ಎರಡು ಟಿಕೆಟ್ ಹೊಂದಿಸಿದ್ದರು. ಗುಬ್ಬಿಯಿಂದ ಕೆಂಪು ಬಸ್ ಹತ್ತಿದ ಹುಡುಗ ನಾನು, ಅಷ್ಟು ಜನರನ್ನ ಒಂದೇ ಕಡೆ ಅಲ್ಲಿಯವರೆಗೆ ನೋಡಿರಲಿಲ್ಲ.

ಆ ಮ್ಯಾಚ್ ಕಥೆ ಅಪ್ಪಂದಿರ ಬಾಯಲ್ಲಿ ಕೇಳಿರ್ತೀರ. ಸಿಧು 93 ಹೊಡೆದ. ಕೊನೇಲಿ ಜಡೇಜಾ, ನಿಮ್ಮ ಕಾಲದ ಜಡೇಜಾ ಅಲ್ಲ, ಅಜಯ್ ಜಡೇಜಾ, ವಖಾರ್ ಯೂನಿಸ್‌ನಂಥವನನ್ನ ಚಚ್ಚಿಹಾಕಿ 25 ಬಾಲಿಗೆ 45 ಮಾಡಿದ. 287. ಆಮೇಲೆ ಅವರು ಬಂದು ಮೊದಲ ಹತ್ತು ಓವರಲ್ಲೇ 84 ಹೊಡೆದರು. ಸ್ಟೇಡಿಯಂ ಸುಮ್ಮನಾಯ್ತು. ಅಮೀರ್ ಸೊಹೇಲ್ ನಮ್ಮ ವೆಂಕಟೇಶ್ ಪ್ರಸಾದ್‌ಗೆ ಫೋರ್ ಹೊಡೆದು, ಬಾಲ್ ಹೋದ ಕಡೆಗೆ ಬ್ಯಾಟ್ ತೋರಿಸಿದ. ಮುಂದಿನ ಬಾಲಿಗೆ ಬೌಲ್ಡ್. ಆ ಸದ್ದು ಇವತ್ತೂ ನನ್ನ ಕಿವಿಯಲ್ಲಿದೆ. ಪ್ರಸಾದ್ ಮೂರು, ಕುಂಬ್ಳೆ ಮೂರು, ಶ್ರೀನಾಥ್ ಒಂದು. ನಮ್ಮ ಕರ್ನಾಟಕದ ಮೂವರು ನಮ್ಮ ಮನೆ ಅಂಗಳದಲ್ಲಿ! 39 ರನ್ನಿಂದ ಗೆದ್ದೆವು. ಅದರಲ್ಲಿ ಸಂತೋಷಪಟ್ಟಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ನಾನೂ ಕುಣಿದೆ.

ಆದರೆ ಮಧ್ಯೆ ಒಂದು ವಿಷಯ ಇದೆ. ಜಾವೇದ್ ಮಿಯಾಂದಾದ್ ಅಂತ ಅವರ ಹಿರಿಯ ಆಟಗಾರ. 1975ರಿಂದ ಅಲ್ಲಿಯವರೆಗೆ ನಡೆದ ಆರೂ ವಿಶ್ವಕಪ್ ಆಡಿದವರು. ವಯಸ್ಸು 38. ಅವತ್ತು 38 ರನ್ ಮಾಡಿ ರನೌಟ್ ಆದರು. ಅವರ ಕೊನೆಯ ಅಂತರರಾಷ್ಟ್ರೀಯ ಇನ್ನಿಂಗ್ಸ್ ಅದು. ಬ್ಯಾಟ್ ಹಿಡಿದು ನಿಧಾನವಾಗಿ ನಡೆದು ಹೋಗ್ತಿದ್ದರು. ನಾನು ಕುರ್ಚಿ ಮೇಲೆ ನಿಂತು ಕೂಗಿದೆ. ಅವರ ಆಟದ ಬಗ್ಗೆ ಅಲ್ಲ. ಅವರ ದೇಶ, ಅವರ ಧರ್ಮ, ಅವರ ತಾಯಿ. ನನ್ನ ಸಾಲಿನವರು ನಕ್ಕರು, ನನಗೆ ಹುರುಪು ಬಂತು, ಇನ್ನೂ ಜೋರಾಗಿ ಕೂಗಿದೆ. ಪಕ್ಕದಲ್ಲಿದ್ದ ಮಾವ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದರು, 'ನಿನ್ನ ಬಾಯಿ ತೊಳ್ಕೋ' ಅಂದರು. ಅವರು ಸಭೆಗೆ ಬರೋರಲ್ಲ. ವಿಶ್ವಾಸಿಯ ಮಗ ನಾನು.

ಮರುದಿನ ಭಾನುವಾರ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಸಭೆಯಲ್ಲಿ ಕ್ವೈರ್ ಜೊತೆ ನಿಂತು ಹಾಡಿದೆ. ಆರಾಧನೆಯಲ್ಲಿ ಅನ್ಯಭಾಷೆಯಲ್ಲಿ ಸ್ತುತಿಸಿದೆ. ಅದೇ ನಾಲಿಗೆ, ಮಕ್ಕಳೇ. ಮಧ್ಯೆ ಹನ್ನೆರಡು ಗಂಟೆ ಮಾತ್ರ. ಯಾಕೋಬನ ಪತ್ರಿಕೆ ಮೂರನೇ ಅಧ್ಯಾಯ ಮನೆಗೆ ಹೋಗಿ ಓದಿ. ನಾನು ಈಗ ವಿವರಿಸಲ್ಲ, ವಿವರಿಸೋ ಯೋಗ್ಯತೆ ಆ ವಿಷಯದಲ್ಲಿ ನನಗೆ ಕಡಿಮೆ.

ಇನ್ನೊಂದು ಕೇಳಿ. ಅದಾಗಿ ನಾಲ್ಕೇ ದಿನಕ್ಕೆ, ಮಾರ್ಚ್ 13ಕ್ಕೆ, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸೆಮಿಫೈನಲ್, ಶ್ರೀಲಂಕಾ ಮೇಲೆ. ಅದೇ ನಮ್ಮ ಟೀಮು. ಒಂದು ವಿಕೆಟ್‌ಗೆ 98 ಇದ್ದಿದ್ದು ಎಂಟು ವಿಕೆಟ್‌ಗೆ 120 ಆಯ್ತು. ಜನ ಬಾಟಲಿ ಎಸೆದರು, ಸ್ಟ್ಯಾಂಡ್‌ನಲ್ಲಿ ಬೆಂಕಿ ಹಚ್ಚಿದರು. ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಆಟ ನಿಲ್ಲಿಸಿ ಶ್ರೀಲಂಕಾ ಗೆದ್ದಿದೆ ಅಂತ ಘೋಷಿಸಿದರು. ವಿನೋದ್ ಕಾಂಬ್ಳಿ ಅಳುತ್ತಾ ಮೈದಾನ ಬಿಟ್ಟ. ಶನಿವಾರ ಹೆಗಲ ಮೇಲೆ ಹೊತ್ತವರನ್ನೇ ಬುಧವಾರ ನೆಲಕ್ಕೆ ಹಾಕಿದೆವು. ಯೆರೂಸಲೇಮಿನಲ್ಲಿ ಖರ್ಜೂರದ ಗರಿ ಹಿಡಿದ ಭಾನುವಾರದಿಂದ ಶುಕ್ರವಾರಕ್ಕೆ ಎಷ್ಟು ದಿನ? ಲೆಕ್ಕ ಹಾಕಿ.

ಈಗ ಬೈಬಲ್ ತೆರೆಯಿರಿ. ಅಪೊಸ್ತಲರ ಕೃತ್ಯಗಳು ಹತ್ತೊಂಬತ್ತು. ಫೋನಲ್ಲಿ ನೋಡೋರು ನೋಟಿಫಿಕೇಶನ್ ಆಫ್ ಮಾಡಿ.

ಎಫೆಸ ಪಟ್ಟಣ. ವ್ಯಾಪಾರ ಕೆಡುತ್ತೆ ಅಂತ ಅಂಜಿದ ಬೆಳ್ಳಿ ಕೆಲಸದವರಿಂದ ಗಲಾಟೆ ಶುರು. ಊರಿಗೆ ಊರೇ ರಂಗಮಂದಿರಕ್ಕೆ ನುಗ್ಗುತ್ತೆ. ವೀರಣ್ಣನವರ ನಾಟಕ ಕಂಪನಿಯ ಊರಿನವರಾದ ಗುಬ್ಬಿಯವರಿಗೆ ರಂಗಮಂದಿರ ಅಂದ್ರೆ ಹೇಳಿಕೊಡಬೇಕಿಲ್ಲ. ಆದರೆ ಇದು ಬಯಲಲ್ಲಿ ಕಲ್ಲಿನ ಮೆಟ್ಟಿಲುಗಳ ರಂಗಮಂದಿರ, 20 ಸಾವಿರಕ್ಕೂ ಹೆಚ್ಚು ಜನ ಕೂರೋದು. ಟರ್ಕಿಯಲ್ಲಿ ಇವತ್ತೂ ನಿಂತಿದೆ. ಅದರ ಒಳಗೆ ಪೌಲನ ಜೊತೆಗಾರರಾದ ಗಾಯನನ್ನೂ ಅರಿಸ್ತಾರ್ಕನನ್ನೂ ಎಳೆದುಕೊಂಡು ಹೋಗ್ತಾರೆ. ಇಬ್ಬರೂ ಮಕೆದೋನ್ಯದವರು, ಊರಿಗೆ ಹೊರಗಿನವರು. ಲೂಕ ಒಂದು ಸಣ್ಣ ವಿಷಯ ಬರೆದಿದ್ದಾನೆ, ಓದಿದರೆ ನಗು ಬರುತ್ತೆ: ಬಂದವರಲ್ಲಿ ಹೆಚ್ಚಿನವರಿಗೆ ತಾವು ಯಾಕೆ ಸೇರಿದ್ದೇವೆ ಅಂತಲೇ ಗೊತ್ತಿರಲಿಲ್ಲ. ಆದರೂ ಎರಡು ಗಂಟೆ ಕಾಲ ಒಂದೇ ಕೂಗು! ಕುರ್ಚಿ ಮೇಲೆ ನಿಂತಿದ್ದ ನನ್ನನ್ನ ಅವತ್ತು ಯಾರಾದರೂ ಕೇಳಿದ್ದರೆ, ಆ ಹಿರಿಯರು ನನಗೆ ಏನು ಮಾಡಿದ್ದಾರೆ ಅಂತ ನಾನೂ ಹೇಳ್ತಿರಲಿಲ್ಲ.

ಕೊನೆಗೆ ಊರಿನ ಅಧಿಕಾರಿ ಬಂದು ಜನರನ್ನ ಸಮಾಧಾನ ಮಾಡ್ತಾನೆ. ಅವನು ವಿಶ್ವಾಸಿ ಅಲ್ಲ. ಅವನು ಕೊಡೋ ಸಾಕ್ಷಿ ನೋಡಿ, 37ನೇ ವಚನ: ಈ ಜನ ನಮ್ಮ ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನ ದೂಷಿಸಿದವರೂ ಅಲ್ಲ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಪೌಲ ಅಲ್ಲಿ ಸುಮಾರು ಮೂರು ವರ್ಷ ಸುವಾರ್ತೆ ಸಾರಿದ್ದ, ಮೆತ್ತಗೆ ಸಾರಿದವನೂ ಅಲ್ಲ. ಆದರೂ ಊರವರ ನಂಬಿಕೆಯನ್ನ ಬೈದ ಅಂತ ತೋರಿಸೋಕೆ ಒಂದು ಮಾತೂ ಅವರ ಕೈಗೆ ಸಿಗಲಿಲ್ಲ. ನಿನ್ನೆ ಕುಣಿಗಲ್‌ನಲ್ಲಿ ಇಂಥ ಒಬ್ಬ ಅಧಿಕಾರಿ ಎದ್ದು ನಿಂತಿದ್ದರೆ ನಮ್ಮ ಬಗ್ಗೆ ಏನು ಹೇಳಬಹುದಿತ್ತು? ನಮ್ಮ ಆಟಗಾರರ ಬಗ್ಗೆ ಒಳ್ಳೇದೇ ಹೇಳ್ತಿದ್ದ. ನಮ್ಮ ಸಾಲಿನ ಬಗ್ಗೆ?

ಆಟಗಾರರ ಬಗ್ಗೆ ಅಂದೆ. ಬಾಸ್ಕೆಟ್‌ಬಾಲ್ ಆಡೋ ತಮ್ಮಂದಿರೇ, ನೀವು ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ನೋಡಿದ್ದೀರಿ, 2024ರ ಆಗಸ್ಟ್ 10. ಅಮೆರಿಕಾನೇ ಗೆಲ್ಲುತ್ತೆ ಅಂತ ಲೋಕವೆಲ್ಲ ಹೇಳ್ತಿತ್ತು. ಆದರೆ ಎದುರಿಗಿದ್ದದ್ದು ಫ್ರಾನ್ಸ್, ಅದೂ ಅವರದೇ ಊರಲ್ಲಿ. ಜೋಯೆಲ್ ಎಂಬೀಡ್ ಕೈಗೆ ಬಾಲ್ ಬಂದಾಗೆಲ್ಲ ಜನ ಬೂ ಅಂದರು. ಅವರಿಗೆ ಫ್ರಾನ್ಸ್ ಪೌರತ್ವ ಇದ್ದೂ ಅಮೆರಿಕಾ ಪರ ಆಡಿದರು ಅನ್ನೋ ಸಿಟ್ಟು. ಆ ಗದ್ದಲದಲ್ಲಿ ಸ್ಟೀಫನ್ ಕರಿ ಎಂಟು ತ್ರೀ ಪಾಯಿಂಟರ್ ಹಾಕಿದ, 24 ಪಾಯಿಂಟ್. 98-87. ಅಥವಾ ನಮ್ಮ ಮಂಗಳೂರು ಕಡೆಯ ಕೆ.ಎಲ್. ರಾಹುಲ್, 2021ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ. 129 ಹೊಡೆದವರು ಬೌಂಡರಿ ಹತ್ತಿರ ಫೀಲ್ಡಿಂಗ್‌ಗೆ ನಿಂತರೆ, ಗ್ಯಾಲರಿಯಿಂದ ಶಾಂಪೇನ್ ಬಾಟಲಿ ಬಿರಡೆ ಎಸೆದರು. ಕ್ರಿಕೆಟ್‌ಗೆ ತವರು, ಶಿಸ್ತಿನ ಮೈದಾನ ಅಂತ ಹೆಸರಾದ ಜಾಗ ಅದು! ಭಾರತ 151 ರನ್ನಿಂದ ಗೆದ್ದಿತು.

ಇಂಥ ಕಥೆಗಳು ನಮಗೆ ಇಷ್ಟ. ಯಾಕೆ? ಕಥೆ ಕೇಳುವಾಗ ನಾವು ಯಾವಾಗಲೂ ಮೈದಾನದ ಒಳಗೇ ಇರ್ತೀವಿ. ನಾನೇ ದಾವೀದ, ಎದುರಿಗಿರೋನು ಗೊಲ್ಯಾತ. ಆಫೀಸಲ್ಲಿ ಅಣಕಿಸೋ ಟೀಮ್ ಲೀಡ್ ಗೊಲ್ಯಾತ, ಹಾಸ್ಟೆಲ್ ರೂಮ್‌ಮೇಟ್ ಗೊಲ್ಯಾತ. ನಿಮ್ಮಲ್ಲಿ ಕೆಲವರು ನಿಜವಾಗಿ ನೋವು ತಿಂದಿದ್ದೀರಿ, ಅದನ್ನ ನಾನು ಹಗುರ ಮಾಡ್ತಿಲ್ಲ. ಸ್ನಾನದೀಕ್ಷೆ ತಗೊಂಡಿದ್ದಕ್ಕೆ ಮನೆಯಲ್ಲಿ ಮಾತು ಬಿಟ್ಟವರು ಈ ಸಾಲಲ್ಲೇ ಕೂತಿದ್ದಾರೆ. ಆದರೆ ಗ್ಯಾಲರಿಯಲ್ಲಿ ಕೂತ ನನ್ನನ್ನ ಹುಡುಕಿಕೊಂಡು ಬರೋ ವಾಕ್ಯ ಬೇಡವಾ?

ಇಪ್ಪತ್ತೆರಡನೇ ಅಧ್ಯಾಯಕ್ಕೆ ಬನ್ನಿ. ಯೆರೂಸಲೇಮಿನ ಜನ ಪೌಲನನ್ನ ಹೊಡೆದು ಸಾಯಿಸೋಕೆ ಹೊರಟಿದ್ದಾರೆ. ಸಿಪಾಯಿಗಳು ಎತ್ತಿಕೊಂಡು ಬಂದು ಮೆಟ್ಟಿಲ ಮೇಲೆ ನಿಲ್ಲಿಸಿದ್ದಾರೆ. ಅಲ್ಲಿಂದ ಅವನು ಕೈಸನ್ನೆ ಮಾಡಿ ಅವರದೇ ಭಾಷೆಯಲ್ಲಿ ಮಾತಾಡ್ತಾನೆ. ನಾನಾಗಿದ್ದರೆ ನರಕದಿಂದ ಶುರು ಮಾಡ್ತಿದ್ದೆ. ಅವನು ಅವರನ್ನ ಸಹೋದರರೇ, ತಂದೆಗಳೇ ಅಂತ ಕರೆದು, ನೀವು ಇವತ್ತು ಇದ್ದೀರಲ್ಲ, ಹಾಗೇ ನಾನೂ ಆಸಕ್ತನಾಗಿದ್ದೆ ಅಂತಾನೆ. ಮುಂದೆ 20ನೇ ವಚನ. ಸ್ತೆಫನನನ್ನ ಕಲ್ಲೆಸೆದು ಕೊಲ್ಲುವಾಗ ತಾನು ಹತ್ತಿರ ನಿಂತು ಒಪ್ಪಿಗೆ ಕೊಟ್ಟೆ, ಕೊಲ್ಲೋರ ಬಟ್ಟೆ ಕಾಯ್ತಿದ್ದೆ ಅಂತ ಒಪ್ಪಿಕೊಳ್ತಾನೆ. ಆ ಹಳೇ ವಿಷಯವನ್ನ ಅಲ್ಲಿ ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ಅವನೇ ತೆಗೆದ.

ಪೌಲ ಕಲ್ಲು ಎಸೆದ ಅಂತ ಬೈಬಲ್ ಹೇಳಲ್ಲ. ಬಟ್ಟೆ ಕಾದ. ನಾನು ನಿನ್ನೆ ಫೋನ್ ನೋಡಿದೆ ಅಂದೆನಲ್ಲ, ಅದು ಬಟ್ಟೆ ಕಾಯೋ ಕೆಲಸವೇ. ಹದಿನೇಳರಲ್ಲಿ ಕೂಗಿದವನು ನಲವತ್ತು ದಾಟಿದ ಮೇಲೆ ಕೂಗೋದು ಬಿಟ್ಟಿದ್ದೀನಿ, ಕೂಗೋರ ಬಟ್ಟೆ ಕಾಯೋದು ಇನ್ನೂ ಬಿಟ್ಟಿಲ್ಲ. ಸಭೆ ಮುಂದೆ ಇದನ್ನ ಅರಿಕೆ ಮಾಡ್ತೀನಿ.

ಎದುರಿನ ಗುಂಪಿನಲ್ಲಿ ಪೌಲನಿಗೆ ಹಳೇ ಸೌಲ ಕಾಣಿಸಿದ. ಹಾಗಾಗಿ ದ್ವೇಷ ಮಾಡೋಕೆ ಅವನಿಂದ ಆಗಲಿಲ್ಲ. ಕಾಂಪೌಂಡ್ ಮೇಲೆ ಕೂತು ಹಲ್ಲೆಲೂಯಾ ಪಾರ್ಟಿ ಅಂದ ಹುಡುಗರಿದ್ದಾರಲ್ಲ, ಅವರನ್ನ ನೋಡಿ ನನಗೆ ನಿನ್ನೆ ಸಿಟ್ಟು ಬಂದಿತ್ತು. ರಾತ್ರಿ ಕರ್ತನು ನನಗೆ ತೋರಿಸಿದ್ದು ಚಿನ್ನಸ್ವಾಮಿಯ ಆ ಕುರ್ಚಿ. ಅವರು ಕೂಗಿದ್ದಕ್ಕಿಂತ ಕೆಟ್ಟದ್ದನ್ನ ನಾನು ಕೂಗಿದ್ದೆ, ಅದೂ ಯೇಸುವಿನ ಹೆಸರು ಹೊತ್ತು.

ಗುಂಪು ಅಂದ್ರೆ ಕೆಟ್ಟದ್ದೇ ಅಂತ ತಿಳ್ಕೋಬೇಡಿ. ಅದೇ ಪ್ರಸಾದ್, ಅದೇ ಕುಂಬ್ಳೆ, ಅದೇ ಶ್ರೀನಾಥ್ ಇದ್ದ ಟೀಮು 1999ರ ಜನವರಿ 31ಕ್ಕೆ ಚೆನ್ನೈನಲ್ಲಿ ಪಾಕಿಸ್ತಾನದ ಮೇಲೆ ಟೆಸ್ಟ್ ಸೋತಿತು, ಬರೀ 12 ರನ್ನಿಂದ. ಪ್ರಸಾದ್ ಎರಡನೇ ಇನ್ನಿಂಗ್ಸ್‌ನಲ್ಲಿ 33 ರನ್ನಿಗೆ ಆರು ವಿಕೆಟ್ ತೆಗೆದಿದ್ದರು. ಸಚಿನ್ ಬೆನ್ನುನೋವಲ್ಲಿ 136 ಹೊಡೆದಿದ್ದರು. ಆದರೂ ಸೋಲು. ಆಗ ಚೆಪಾಕ್‌ನ ಜನ ಏನು ಮಾಡಿದರು? ಎದ್ದು ನಿಂತರು. ಪಾಕಿಸ್ತಾನದ ಆಟಗಾರರು ಮೈದಾನ ಸುತ್ತು ಹಾಕಿದರು, ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿತು. ಟಿವಿಯಲ್ಲಿ ನೋಡ್ತಿದ್ದ ನನಗೆ, ಮಾವ ಅಂಗಿ ಹಿಡಿದು ಎಳೆದದ್ದು ನೆನಪಾಯ್ತು. ಅವರು ಈಗ ಇಲ್ಲ. ಅವತ್ತಿನ ವಿಷಯಕ್ಕೆ ಅವರ ಹತ್ತಿರ ಕ್ಷಮೆ ಕೇಳಲೇ ಇಲ್ಲ ನಾನು. ಮುಂದಿನ ಸಲ, ಮುಂದಿನ ಸಲ ಅಂತ ಹೋಗಿಬಿಟ್ಟಿತು.

ಅದಕ್ಕೇ ಈ ಸಲ ಮುಂದಕ್ಕೆ ಹಾಕೋದು ಬೇಡ. ನಿನ್ನೆ ಆ ಮಾತು ಆಡಿದ ದನಿ ಯಾರದು ಅಂತ ಇಲ್ಲಿ ಹೇಳಲ್ಲ, ಯಾರೂ ತಿರುಗಿ ನೋಡಬೇಡಿ. ನಕ್ಕವರು ಬಹಳ ಜನ. ಕುಣಿಗಲ್‌ನ ಹಿರಿಯರಿಗೆ ಬೆಳಿಗ್ಗೆ ಫೋನ್ ಮಾಡಿದ್ದೆ, ಆ ಹುಡುಗನ ಮನೆ ಅವರಿಗೆ ಗೊತ್ತಂತೆ. ಆರಾಧನೆ ಮುಗಿದ ಮೇಲೆ ನಾನು ಕಾರ್ ತೆಗೀತೀನಿ. ನನ್ನ ಬಿಟ್ಟು ನಾಲ್ಕು ಜನಕ್ಕೆ ಜಾಗ ಇದೆ. ಊಟಕ್ಕೆ ಕಾಯೋದು ಬೇಡ. ಶೂ ತಗೊಂಡು ಹೋಗೋಣವಾ ಅಂತ ಒಬ್ಬ ಸಿಸ್ಟರ್ ಕೇಳಿದರು. ಇವತ್ತು ಬೇಡಮ್ಮ. ಇವತ್ತು ಶೂ ಕೊಟ್ಟರೆ ಅದೂ ಅವಮಾನವೇ ಆಗುತ್ತೆ. ಬರೀ ಕೈಯಲ್ಲಿ ಹೋಗೋಣ. ಬಾಗಿಲು ತೆಗೀದೇ ಇದ್ದರೂ ಬೇಜಾರಿಲ್ಲ, ಬೀದಿಯಲ್ಲಿ ನಿಂತು ಕೇಳೋಣ. ಬೈದರೆ ಬೈಸಿಕೊಳ್ಳೋಣ.

ಕೀಬೋರ್ಡ್ ಬ್ರದರ್, ಮೆಲ್ಲಗೆ ನುಡಿಸಿ. ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಕಾರಲ್ಲಿ ಬರೋ ನಾಲ್ಕು ಜನ ಕೈ ಎತ್ತೋದು ಬೇಡ, ಸುಮ್ಮನೆ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತುಕೊಳ್ಳಿ.

ಕರ್ತನೇ, ನಮ್ಮ ನಾಲಿಗೆಯನ್ನ ನಿನ್ನ ಮುಂದೆ ಇಡ್ತೀವಿ...