ಕಾಣದ ಮೀನಿನ ಲೆಕ್ಕ

ಕುಡತಿನಿಯಲ್ಲಿ ಕುಳಿತು ಕಡಲಿನ ಮಾತಾಡಿದರೆ ಓದುಗರು ನಕ್ಕಾರು. ಇಲ್ಲಿ ನಮ್ಮ ಕಣ್ಣಿಗೆ ಬೀಳುವುದು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. ಕಡಲ ಮೀನು ಬರುವುದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಆದರೂ ತಿನ್ನುವವರು ನಾವೇ ತಾನೆ? ನಾವೆಂದೂ ಕಾಣದ ಜೀವಕ್ಕೆ ನಮ್ಮ ಮೇಲೆ ಹಕ್ಕಿದೆಯೇ?

ಆಳ ಸಮುದ್ರದಲ್ಲಿ ಆರೆಂಜ್ ರಫಿ ಎಂಬ ಮೀನಿದೆ. ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಮೂವತ್ತು ವರ್ಷದಷ್ಟು ಬೇಕು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಸುತ್ತ ಇದರ ದೊಡ್ಡ ಬೇಟೆ ಶುರುವಾಯಿತು. ಅದರ ನಿಧಾನದ ಬದುಕು ಅರ್ಥವಾಗುವ ಹೊತ್ತಿಗೆ ಹಲವು ಕಡೆ ಹಿಂಡು ತೀರಾ ಕುಗ್ಗಿತ್ತು. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನ ಗೆರೆಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಆ ಕಲ್ಲು ಸಿಗಬೇಕಾದರೆ ಮೀನು ಸಾಯಬೇಕು. ಉಳಿಸಲು ಹೊರಟವರೇ ಕೊಲ್ಲಬೇಕಾದ ಇಕ್ಕಟ್ಟಿದು. ಅದಕ್ಕೇ ರಕ್ಷಿತ ಕಡಲ ಪ್ರದೇಶಗಳಲ್ಲಿ ಬಲೆಯ ಬದಲು ಎರೆ ಕಟ್ಟಿದ ಕ್ಯಾಮೆರಾ ಇಳಿಸುವುದುಂಟು. ಎರೆಗೆ ಬಾರದ ಮೀನು ಅದರ ಲೆಕ್ಕಕ್ಕೆ ಸಿಗದು. ಆದ್ದರಿಂದ ಬಲ್ಲವರು ಒಂದೇ ಚಿತ್ರವನ್ನು ನಂಬದೆ, ವರ್ಷ ವರ್ಷ ಅದೇ ಜಾಗಕ್ಕೆ ಮರಳಿ ಏರಿಳಿತ ನೋಡುತ್ತಾರೆ.

ನಮಗೆ ಹತ್ತಿರದ ಉದಾಹರಣೆಯೂ ಇದೆ. 2015ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿ ಸೇತುವೆಯ ತನಕ ಸುಮಾರು 34 ಕಿ.ಮೀ. ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ನೀರುನಾಯಿ ಬದುಕುವುದು ಮೀನಿನಿಂದ. ಮದ್ದು ಸಿಡಿಸಿ ಮೀನು ಹಿಡಿಯುವವನಿಗೆ ಸರ್ಕಾರದ ಫಲಕ ಓದುವ ಹಂಗೇನಿಲ್ಲ. ಒಳಗಿನ ಜೀವಗಳನ್ನು ಎಣಿಸುವವರಿಲ್ಲದಿದ್ದರೆ ರಕ್ಷಣೆ ಕಾಗದದಲ್ಲೇ ಉಳಿಯುತ್ತದೆ.

ಕುರ್‌ಆನಿನಲ್ಲಿ ಕಡಲ ದಂಡೆಯ ಊರೊಂದರ ಕಥೆಯಿದೆ. ಸಬ್ಬತ್ ದಿನ ಮೀನು ಹಿಡಿಯಬಾರದು. ಅಂದೇ ಮೀನುಗಳು ಮೇಲೆ ಬಂದು ಕಾಣಿಸಿಕೊಳ್ಳುತ್ತಿದ್ದವು. ಕೆಲವರು ಮೊದಲೇ ಬಲೆ ಹಾಕಿಟ್ಟು ಮರುದಿನ ಎತ್ತಿಕೊಂಡರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಕಟ್ಟಳೆಯನ್ನು ಅವರು ಮುರಿದಂತೆ ತೋರಲಿಲ್ಲ, ಪಾಲಿಸಲೂ ಇಲ್ಲ.

ಹಾಗೆಂದು ಬೆಸ್ತರಿಗೆ ಮಾತ್ರ ನೀತಿ ಹೇಳುವುದು ನ್ಯಾಯವಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬಲೆ ಎಳೆಯುವ ಕೂಲಿಯವನ ಮನೆಯ ಒಲೆ ಹೇಗೆ ಉರಿಯಬೇಕು? ಮೀನಿನ ಲೆಕ್ಕದ ಜೊತೆ ಆ ಒಲೆಯ ಲೆಕ್ಕವೂ ಸೇರಬೇಕು. ಕಡಲು ಉಳಿದರೆ ಲಾಭ ಎಲ್ಲರಿಗೂ ಇರುವಾಗ ನಷ್ಟ ಅವನೊಬ್ಬನ ತಲೆಗೇ ಯಾಕೆ?

ಮಳೆಗಾಲದಲ್ಲಿ ಮೀನು ತುಟ್ಟಿಯಾಯಿತೆಂದು ಬಳ್ಳಾರಿಯ ಮಾರುಕಟ್ಟೆಯಲ್ಲಿ ನಾವೂ ಗೊಣಗಿದವರೇ. ಕಾಣದ ಜೀವಕ್ಕೆ ನಾವು ತೆರಬೇಕಾದ ಪಾಲು ಅದರಲ್ಲಿ ಅಷ್ಟಿಷ್ಟು ಇದೆಯೆಂದು ಇನ್ನಾದರೂ ಒಪ್ಪಿಕೊಳ್ಳೋಣ.