ಕತ್ತರಿ ಹಿಡಿದವನ ಋಣ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು 31 ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹುಡುಗರ ಮುಂದೆ ಹೇಳಿದ್ದೇನೆ. ಅವರ ತಂದೆ ತಾಯಿಗಳ ಮುಂದೆ ಹೇಳಿದ್ದೇನೆ. ಒಮ್ಮೊಮ್ಮೆ ರಾತ್ರಿ ನಿದ್ದೆ ಬಾರದಿದ್ದಾಗ ನನಗೆ ನಾನೇ ಹೇಳಿಕೊಂಡಿದ್ದೂ ಉಂಟು. ಆದರೆ ಅಷ್ಟು ವರ್ಷಗಳಲ್ಲಿ ಒಂದು ಗಿಡವನ್ನಾದರೂ ನಾನು ಬಗ್ಗಿಸಿದವನಲ್ಲ. ಗಾದೆಯ ಸತ್ಯವನ್ನು ಕೈಯಾರೆ ಪರೀಕ್ಷಿಸುವ ಯೋಗ ಬಂದದ್ದು ನಿವೃತ್ತನಾದ ಮೇಲೆ, ತೋಟಗಾರಿಕೆಯ ತರಬೇತಿಗೆ ಸೇರಿದಾಗ.

ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗಾಗಿ 10 ತಿಂಗಳ ತರಬೇತಿಯೊಂದನ್ನು ನಡೆಸುತ್ತದೆ. ಅದು ನನ್ನಂಥವರಿಗೆ ಮೀಸಲಾದದ್ದಲ್ಲ. ನಾನು ಸೇರಿದ್ದು ಬೇರೊಂದು ಕಡೆ, ಪಟ್ಟಣದವರಿಗೂ ಬಾಗಿಲು ತೆರೆದಿದ್ದ ನಾಲ್ಕು ತಿಂಗಳ ತರಗತಿಗೆ. ಪಾಠ ಅರ್ಧ ಗಂಟೆ, ಮಣ್ಣಿನ ಕೆಲಸ ಮೂರು ಗಂಟೆ. ನನ್ನ ಸಹಪಾಠಿಗಳಲ್ಲಿ ನರ್ಸರಿ ಇಡಬೇಕೆಂದಿದ್ದ ಇಬ್ಬರು ತರುಣರಿದ್ದರು, ಮನೆಯ ಮಾಳಿಗೆಯ ಮೇಲೆ ತರಕಾರಿ ಬೆಳೆಯುವ ಆಸೆಯ ಗೃಹಿಣಿಯರಿದ್ದರು. ಪಾಠ ಹೇಳುತ್ತಿದ್ದವರು ಅರುವತ್ತರ ಆಸುಪಾಸಿನ ಒಬ್ಬ ತೋಟದ ಮೇಸ್ತ್ರಿ. ಅವರ ಮಾತು ಕಡಿಮೆ, ಕೈ ಚುರುಕು.

ಎರಡನೆಯ ವಾರ ಬೀಟ್‌ರೂಟ್ ಪಾತಿಯ ಮುಂದೆ ಕೂತೆವು. ನಾವು ಬೀಟ್‌ರೂಟಿನ ಬೀಜವೆಂದು ಬಿತ್ತುವುದು ಒಂದೇ ಬೀಜವಲ್ಲ. ಹಲವು ಬೀಜಗಳು ಕೂಡಿಕೊಂಡ ಒಂದು ಗಂಟು. ಆದ್ದರಿಂದ ಒಂದೇ ಕುಳಿಯಿಂದ ಎರಡೋ ಮೂರೋ ಸಸಿಗಳು ಒಟ್ಟಿಗೆ ತಲೆ ಎತ್ತುತ್ತವೆ. ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಅವುಗಳಲ್ಲಿ ರೋಗದ್ದು ಯಾವುದೂ ಇರಲಿಲ್ಲ. ಮೂರೂ ಒಂದೇ ಎತ್ತರ, ಮೂರಕ್ಕೂ ಅದೇ ಕೆಂಪು ಕಾಂಡ. ನನ್ನ ಕೈ ಏಳಲಿಲ್ಲ.

“ಎಲ್ಲವನ್ನೂ ಉಳಿಸಿದರೆ ಯಾವುದೂ ಗೆಡ್ಡೆ ಕಟ್ಟುವುದಿಲ್ಲ, ಸ್ವಾಮಿ,” ಎಂದರು ಮೇಸ್ತ್ರಿ. ನಾನು ಒಂದನ್ನು ಹಿಡಿದೆಳೆಯಹೋದಾಗ ತಡೆದು, ಚಿಕ್ಕ ಕತ್ತರಿ ಕೊಟ್ಟರು. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ. ಬುಡದಲ್ಲಿ ಕತ್ತರಿಸಿದರೆ ಉಳಿಯುವುದಕ್ಕೆ ನೋವಿಲ್ಲ. ಕತ್ತರಿಸಿದ ಎಳೆ ಸಸಿಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿದರು. ಮಧ್ಯಾಹ್ನ ಅವು ಪಲ್ಯವಾದವು.

ಸಸಿಗಳಾದ ಮೇಲೆ ಮರಗಳ ಸರದಿ ಬಂತು, ಸವರುವ ಪಾಠ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ನುಣುಪಾಗಿ ಕತ್ತರಿಸಿ, ಗಾಯಕ್ಕೆ ಟಾರು ಬಳಿಯುವುದೇ ಸರಿಯೆಂದು ನಾನು ಬಾಲ್ಯದಲ್ಲಿ ಕೇಳಿದ್ದೆ. ಅದು ತಪ್ಪಂತೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಿನಂತೆ ಉಬ್ಬಿದ ಒಂದು ಉಂಗುರವಿರುತ್ತದೆ. ಅದನ್ನು ಬಿಟ್ಟು ಹೊರಗೆ ಕತ್ತರಿಸಬೇಕು. ಅಲೆಕ್ಸ್ ಶೈಗೊ ಎಂಬ ಅಮೆರಿಕದ ವೃಕ್ಷವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದವಾಗಿ ಸೀಳಿ ನೋಡಿ ಇದನ್ನು ಕಂಡುಕೊಂಡರು. 1977ರಲ್ಲಿ ಅವರು ಪ್ರಕಟಿಸಿದ ವಿವರಣೆಯ ಸಾರ ಇಷ್ಟು: ಮರದ ಗಾಯ ಮಾಯುವುದಿಲ್ಲ. ನಮ್ಮ ಚರ್ಮದಂತೆ ಅದು ಕೆಟ್ಟ ಭಾಗವನ್ನು ಹೊಸದು ಮಾಡಿಕೊಳ್ಳಲಾರದು. ಗಾಯದ ಸುತ್ತ ಗೋಡೆ ಕಟ್ಟಿ, ಅದನ್ನು ಒಳಗೇ ಮುಚ್ಚಿಟ್ಟು, ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ನಲವತ್ತು ವರ್ಷಗಳ ಹಿಂದಿನ ಕೊಡಲಿಯ ಏಟು ಇಂದಿಗೂ ಕಾಂಡದೊಳಗೆ ಹಾಗೆಯೇ ಇರುತ್ತದೆ.

ಈ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಹಾಗಾದರೆ ಕತ್ತರಿಸಲು ನಮಗೆ ಅಧಿಕಾರ ಎಲ್ಲಿಂದ ಬಂತು?

ಗಿಡದ ಒಳ್ಳೆಯದಕ್ಕೇ ಕತ್ತರಿಸುತ್ತೇವೆ ಎನ್ನುವುದು ವಾಡಿಕೆ. ಪೂರ್ತಿ ನಿಜವಲ್ಲ. ಕಾಡಿನ ಮರ ಯಾವ ಕತ್ತರಿಯನ್ನೂ ಬೇಡಿ ಬಂದಿಲ್ಲ. ದ್ರಾಕ್ಷಿಯನ್ನೇ ನೋಡಿ: ವಿಜಯಪುರದ ಕಡೆ ವರ್ಷಕ್ಕೆರಡು ಸಲ, ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ಬಳ್ಳಿಗೆ ಚಾಟನಿ ಮಾಡುತ್ತಾರೆ. ಮೊದಲನೆಯದು ಹೊಸ ಕಡ್ಡಿಗಾಗಿ, ಎರಡನೆಯದು ಹಣ್ಣಿಗಾಗಿ. ಬಳ್ಳಿಗೆ ಬೇಕಾದದ್ದು ಹಬ್ಬುವುದು. ಗೊಂಚಲು ಬೇಕಾದದ್ದು ನಮಗೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬೇಸಾಯವೆಂದರೆ ಇದೇ. ಆದರೆ ನಮ್ಮ ಬಯಕೆಯನ್ನು ಗಿಡದ ಹಿತವೆಂದು ಕರೆದುಬಿಟ್ಟರೆ, ಕತ್ತರಿಸಿದ ಮೇಲೆ ನಮ್ಮ ಮೇಲೆ ಬೀಳುವ ಋಣ ಮರೆತುಹೋಗುತ್ತದೆ.

ನಾನು ಮರೆತಿದ್ದೆ. ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ ನನ್ನ ಗಣಿತದಲ್ಲಿ ಎರಡು ಅಂಕಗಳಿಂದ ತೇರ್ಗಡೆ ತಪ್ಪಿದ. ಅವನ ತಂದೆ ಬಂದು ನನ್ನ ಬಾಗಿಲಲ್ಲಿ ನಿಂತರು. ನಾನು ಕೊಡಲಿಲ್ಲ; ನನ್ನ ಗಾದೆಯನ್ನು ಕೊಟ್ಟು ಕಳುಹಿಸಿದೆ. ಮರುವರ್ಷ ಹುಡುಗ ಶಾಲೆಗೆ ಬರಲಿಲ್ಲ. ಆ ಎರಡು ಅಂಕಗಳನ್ನು ಕೊಡಬೇಕಾಗಿತ್ತೆಂದು ನಾನು ಇಂದಿಗೂ ಹೇಳಲಾರೆ, ಉತ್ತರಗಳು ತಪ್ಪಾಗಿದ್ದುವು. ನನ್ನ ತಪ್ಪು ಅಲ್ಲಿರಲಿಲ್ಲ. ಅವನ ಮನೆ ಶಾಲೆಯಿಂದ ಕಾಲು ಗಂಟೆಯ ದಾರಿ. ಆ ದಾರಿಯನ್ನು ನಾನು ಒಂದು ದಿನವೂ ನಡೆಯಲಿಲ್ಲ. ಕತ್ತರಿಸಿ, ಕತ್ತರಿಯನ್ನು ಒರೆಸಿಟ್ಟು, ಮುಂದಿನ ಸಾಲಿಗೆ ಹೋಗಿಬಿಟ್ಟೆ.

ನಮ್ಮ ಮೇಸ್ತ್ರಿಯದು ಒಂದು ಕಟ್ಟಳೆಯಿತ್ತು. ಯಾರು ಯಾವ ಗಿಡವನ್ನು ಸವರಿದರೋ, ಯಾವುದಕ್ಕೆ ಕಸಿ ಕಟ್ಟಿದರೋ, ಅದಕ್ಕೆ ಅವರ ಹೆಸರೂ ತಾರೀಖೂ ಬರೆದ ಚೀಟಿ ತೂಗಬೇಕು. ಅದು ಚಿಗುರುವವರೆಗೆ ಅವರೇ ನೀರು ಕೊಟ್ಟು ನೋಡಿಕೊಳ್ಳಬೇಕು. ನಾನು ಕಟ್ಟಿದ ಮಾವಿನ ಕಸಿಗಳಲ್ಲಿ ಎರಡು ಒಣಗಿದುವು. ಯಾರೂ ಇಲ್ಲದ ಹೊತ್ತಿನಲ್ಲಿ ಚೀಟಿ ಬಿಚ್ಚಲು ಹೋದೆ. ಅವರು ಹಿಂದಿನಿಂದ, “ಇರಲಿ ಬಿಡಿ. ಬಿಚ್ಚಿದರೆ ಯಾರದೆಂದು ನಿಮಗೇ ಮರೆತುಹೋಗುತ್ತದೆ,” ಎಂದರು. ಮೂವತ್ತೊಂದು ವರ್ಷ ಅಂಕಪಟ್ಟಿ ಬರೆದವನು ನಾನು. ಅದರ ಮೇಲೆಲ್ಲ ಇದ್ದದ್ದು ಹುಡುಗರ ಹೆಸರು.

ಲಾಲ್‌ಬಾಗಿಗೆ ಹೋದಾಗಲೆಲ್ಲ ಈಗ ನನಗೆ ಕ್ರುಂಬಿಗಲ್ಲರ ನೆನಪಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡೆಯ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು ಅವರು. 1932ರಲ್ಲಿ ನಿವೃತ್ತರಾದರು. ಹೊರಟುಹೋಗಬಹುದಿತ್ತು. ಹೋಗಲಿಲ್ಲ, 1956ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿಯೇ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ನೆಟ್ಟವನು ತಾನು ನೆಟ್ಟದ್ದರ ನೆರಳಿನಲ್ಲಿ ಇಷ್ಟು ಕಾಲ ಬಾಳಿದನಲ್ಲ ಎಂದು ಸಂತೋಷವಾಗುತ್ತದೆ.

ಕೊನೆಗೂ ನಾನು ಒಂದು ಗಿಡವನ್ನು ಬಗ್ಗಿಸಿದೆ. ಸೊಟ್ಟಗೆ ಬೆಳೆಯುತ್ತಿದ್ದ ಎಳೆಯ ಸೀಬೆಗಿಡ. ಕೈಯಿಂದ ಬಗ್ಗಿಸಿದರೆ ಮುರಿಯುತ್ತದೆ, ಇಲ್ಲವೆ ಕೈ ಬಿಟ್ಟೊಡನೆ ಹಿಂದಕ್ಕೆ ಹೋಗುತ್ತದೆ. ಪಕ್ಕದಲ್ಲಿ ಗೂಟ ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಕಾಂಡ ದಪ್ಪವಾದಂತೆ ಕಟ್ಟು ಬಿಗಿಯಾಗುತ್ತದೆ. ಬಿಚ್ಚಿ ಕಟ್ಟದಿದ್ದರೆ ಅದೇ ತೊಗಟೆಯನ್ನು ಕೊರೆದು ಗಿಡವನ್ನು ಕೊಲ್ಲುತ್ತದೆ. ಆದ್ದರಿಂದ ಕಟ್ಟಿದವನು ಮತ್ತೆ ಮತ್ತೆ ಬರಬೇಕು.

ನನ್ನ ಗಾದೆ ಸುಳ್ಳಲ್ಲ. ನಾನು ಅದರ ಅರ್ಧವನ್ನು ಮಾತ್ರ ಕಲಿಸಿದೆ. ತರಬೇತಿ ಮುಗಿದು ಪ್ರಮಾಣಪತ್ರ ಕೈಗೆ ಬಂದಿದೆ. ಆದರೂ ತಿಂಗಳಿಗೊಮ್ಮೆ ಬಸ್ಸು ಹಿಡಿದು ಆ ತೋಟಕ್ಕೆ ಹೋಗುತ್ತೇನೆ. ಸೀಬೆಯ ಕಟ್ಟನ್ನು ಸಡಿಲಿಸಿ ಬರುವುದಿರುತ್ತದೆ.