ತಾಯಿ ಇಳಿಸಿದ ಭಾರ



ಚಲನಚಿತ್ರಕ್ಕೆ ಮಾತು ಬಂದು ಹತ್ತು ವರ್ಷವಾಗಿತ್ತು. 1937ರಲ್ಲಿ ಅಮೆರಿಕದ ಕಥೋಲಿಕ ನಿರ್ದೇಶಕ ಲಿಯೋ ಮೆಕ್‌ಕ್ಯಾರಿ ‘ಮೇಕ್ ವೇ ಫಾರ್ ಟುಮಾರೋ’ ಎಂಬ ಚಿತ್ರ ತೆಗೆದರು. ತಂದೆತಾಯಿಯನ್ನು ಗೌರವಿಸಬೇಕೆಂಬ ದೇವರ ನಾಲ್ಕನೆಯ ಕಟ್ಟಳೆ ಅದರ ಆರಂಭದಲ್ಲೇ ತೆರೆಯ ಮೇಲೆ ಮೂಡುತ್ತದೆ.

ಸಾಲ ತೀರಿಸಲಾಗದೆ ವೃದ್ಧ ದಂಪತಿಗಳಾದ ಬಾರ್ಕ್ಲಿ ಮತ್ತು ಲೂಸಿ ಮನೆ ಕಳೆದುಕೊಳ್ಳುತ್ತಾರೆ. ಮಕ್ಕಳು ಐವರು. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಒಬ್ಬರಿಗೂ ಆಗದು. ತಾಯಿ ಮಗನ ಮನೆಗೆ, ತಂದೆ ದೂರದ ಮಗಳ ಮನೆಗೆ.

ಒಂದು ಸಂಜೆ ಸೊಸೆಯ ಬಳಿ ಇಸ್ಪೀಟು ಕಲಿಯುವವರು ಮನೆ ತುಂಬಿದ್ದಾರೆ. ಆಗ ಬಾರ್ಕ್ಲಿಯ ಫೋನು ಬರುತ್ತದೆ. ಲೂಸಿಯ ಗಟ್ಟಿ ಮಾತು ಮೊದಲು ಎಲ್ಲರಿಗೂ ಕಿರಿಕಿರಿ. ಕೇಳುತ್ತ ಕೇಳುತ್ತ ಕೋಣೆಯೇ ಮೌನವಾಗುತ್ತದೆ. ಗಂಡನ ಮಾತು ನಮಗೆ ಕೇಳುವುದಿಲ್ಲ. ಆಕೆಯ ದನಿಯೊಂದೇ ಸಾಕು.

ಈ ಮಕ್ಕಳು ದುಷ್ಟರಲ್ಲ. ಪ್ರತಿಯೊಬ್ಬರಿಗೂ ಒಂದು ಕಾರಣವಿದೆ. ನಮಗೂ ಇದೆಯಲ್ಲವೇ? ದೇವರಿಗೆ ಮುಡಿಪು ಎಂಬ ಪವಿತ್ರ ಕಾರಣ ಕೊಟ್ಟು ಹೆತ್ತವರನ್ನು ಕೈಬಿಟ್ಟವರನ್ನೂ ಯೇಸುಸ್ವಾಮಿ ಖಂಡಿಸಿದರು (ಮಾರ್ಕ 7).

ವೃದ್ಧಾಶ್ರಮದ ಮಾತೆತ್ತಲು ಮಗ ತಡವರಿಸುವಾಗ, ತಾನೇ ಅಲ್ಲಿಗೆ ಹೋಗಬಯಸುತ್ತೇನೆಂದು ಹೇಳಿ ತಾಯಿ ಅವನ ಭಾರ ಇಳಿಸುತ್ತಾಳೆ. ಕೊನೆಗೆ ರೈಲು ನಿಲ್ದಾಣದಲ್ಲಿ ಗಂಡಹೆಂಡಿರು ಅಗಲುತ್ತಾರೆ. ಸುಖಾಂತ್ಯ ಬೇಕೆಂದು ಚಿತ್ರಸಂಸ್ಥೆ ಒತ್ತಾಯಿಸಿದರೂ ಮೆಕ್‌ಕ್ಯಾರಿ ಒಪ್ಪಲಿಲ್ಲ. ಚಿತ್ರ ಹಣ ಗಳಿಸಲಿಲ್ಲ.

ಪ್ರಿಯರೇ, ಈ ಭಾನುವಾರ ಪೂಜೆ ಮುಗಿಸಿ ಊರಿನಲ್ಲಿರುವ ಹೆತ್ತವರೊಡನೆ ಮಾತನಾಡಿ. “ನನಗೇನೂ ತೊಂದರೆಯಿಲ್ಲ, ಮಗಾ” ಎಂದು ತಾಯಿ ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಆ ಮಾತಿನಿಂದ ಇಳಿದದ್ದು ಯಾರ ಭಾರವೆಂದು ಯೋಚಿಸಿ. ಸುಖಾಂತ್ಯ ಬರೆಯುವ ಅವಕಾಶ ನಿಮಗಿನ್ನೂ ಇದೆ.